ಟೋಟಲ್ ಲಾಸ್ ಆದ ಕಾರನ್ನು ನಾವೇ ರಿಪೇರಿ ಮಾಡಿಸಬಹುದಾ?

ಇಪ್ಪತ್ತು ವರ್ಷಗಳಿಂದ ಅಪಘಾತದ ಗಾಡಿಗಳ ಸರ್ವೆ ಮಾಡುತ್ತಿದ್ದೇನೆ. ಈ ಪ್ರಶ್ನೆ ಬಾರದ ತಿಂಗಳಿಲ್ಲ. ಎಷ್ಟು ಸಲ ಹೇಳಿದರೂ ಜನ ಮತ್ತೆ ಅದೇ ತಪ್ಪು ಲೆಕ್ಕ ಹಿಡಿದುಕೊಂಡು ಬರುತ್ತಾರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಒಂದೇ ಪತ್ರಕ್ಕೆ. ಟೋಟಲ್ ಲಾಸ್ ಅಂದರೆ ರಿಪೇರಿ ದುಬಾರಿ ಅಂತ ವಿಮಾ ಕಂಪನಿ ಗಾಡಿಯ ಬೆಲೆಯನ್ನೇ ಕೊಟ್ಟು ಕ್ಲೇಮ್ ಮುಗಿಸುವುದು. ಪಾಲಿಸಿಯಲ್ಲಿ ಬರೆದಿರುವ ಆ ಬೆಲೆಯೇ ಐಡಿವಿ. ಅದನ್ನು ಲೆಕ್ಕ ಹಾಕುವುದು ಹೇಗೆ, ಕ್ಲೇಮ್ ಹಾಕುವುದು ಹೇಗೆ ಅಂತೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನಿಮ್ಮ ಪಾಲಿಸಿಯಲ್ಲೇ ಇದೆ, ಒಮ್ಮೆ ತೆಗೆದು ಓದಿ.

ಪ್ರಶ್ನೆ: ಸರ್, ನಮ್ಮದು ಮೂರೂವರೆ ವರ್ಷದ ಪೆಟ್ರೋಲ್ ಕಾರು, 1,200 ಸಿಸಿ. ಸಕಲೇಶಪುರದ ಹತ್ತಿರ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಮುಂದಿನ ಎರಡೂ ಏರ್‌ಬ್ಯಾಗ್ ತೆರೆದಿವೆ. ಎಡಗಡೆ ಏಪ್ರನ್ (ಮುಂದಿನ ಚಕ್ರದ ಒಳಬದಿಯ ತಗಡು) ಬಗ್ಗಿದೆ, ಪಿಲ್ಲರ್ (ಚಾವಣಿ ಹೊರುವ ಕಂಬ) ಸ್ವಲ್ಪ ಜರುಗಿದೆ ಅಂದರು. ಐಡಿವಿ 5,20,000 ರೂಪಾಯಿ. ಶೋರೂಮ್ ಎಸ್ಟಿಮೇಟ್ 4,60,000. ವಿಮಾ ಕಂಪನಿಯವರು ಟೋಟಲ್ ಲಾಸ್ ಅಂತಾರೆ. ಗಾಡಿ ನೀವೇ ಇಟ್ಟುಕೊಳ್ಳುವುದಾದರೆ 3,59,000 ಕೊಡ್ತೀವಿ ಅಂತಲೂ ಹೇಳಿದ್ದಾರೆ. ನಮ್ಮ ಭಾವನ ಪರಿಚಯದ ಗ್ಯಾರೇಜಿನವರು 2,25,000ಕ್ಕೆ ಹೊಸ ಗಾಡಿ ಥರ ಮಾಡಿಕೊಡ್ತಾರಂತೆ. ಅಂದರೆ ಕಾರೂ ಉಳಿಯುತ್ತೆ, ಕೈಯಲ್ಲಿ 1,34,000ವೂ ಉಳಿಯುತ್ತೆ. ಮಾಡಿಸಬಹುದಾ?
— ಹಾಸನದ ಓದುಗರು

ಉತ್ತರ: ಬೇಡ. ಯಾಕೆ ಅಂತ ಹೇಳುತ್ತೇನೆ.

ಮೊದಲು ನಿಮ್ಮ ಲೆಕ್ಕ ಸರಿಮಾಡೋಣ. 3,59,000 ಎಲ್ಲಿಂದ ಬಂತು? ಐಡಿವಿ 5,20,000. ಅದರಲ್ಲಿ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಕಡ್ಡಾಯ ಕಡಿತ 1,000 ಹೋಯಿತು. ಇನ್ನೂ 1,60,000 ಕಳೆದಿದ್ದಾರೆ, ಅದು ನಿಮ್ಮ ಜಖಂ ಆದ ಗಾಡಿಗೆ ಗುಜರಿಯವರು ಕೂಗಿದ ಬೆಲೆ. ಗಾಡಿ ಬಿಟ್ಟುಕೊಟ್ಟರೆ ನಿಮಗೆ ಒಟ್ಟು 5,19,000 ಬರುತ್ತದೆ. ಕೆಲವು ಸಲ ಕಂಪನಿ 3,59,000 ಹಾಕುತ್ತದೆ, ಮಿಕ್ಕ 1,60,000 ಗಾಡಿ ಕೊಂಡವರು ನೇರವಾಗಿ ಕೊಡುತ್ತಾರೆ. ಹೇಗೆ ಬಂದರೂ ಮೊತ್ತ ಅಷ್ಟೇ.

ಅಂದರೆ ಗಾಡಿ ಇಟ್ಟುಕೊಂಡರೆ ನೀವು ನಿಮ್ಮದೇ ಒಡೆದ ಕಾರನ್ನು 1,60,000 ಕೊಟ್ಟು ಕೊಂಡ ಹಾಗೆ. ಅದರ ಮೇಲೆ ರಿಪೇರಿಗೆ 2,25,000. ಒಟ್ಟು 3,85,000. ನಿಮಗೆ ಏನೂ ಉಳಿಯುತ್ತಿಲ್ಲ, 3,85,000 ಕೊಟ್ಟು ಅಪಘಾತವಾದ ಕಾರು ಕೊಳ್ಳುತ್ತಿದ್ದೀರಿ. ನನಗೆ ಬರುವ ಹತ್ತು ಪತ್ರಗಳಲ್ಲಿ ಒಂಬತ್ತರಲ್ಲಿ ಈ 1,60,000 ಲೆಕ್ಕಕ್ಕೇ ಬಂದಿರುವುದಿಲ್ಲ.

ಈಗ ಆ 2,25,000ದ ವಿಷಯ. ಶೋರೂಮ್ 4,60,000 ಅಂದ ಕೆಲಸವನ್ನು ಹೊರಗಿನವರು ಅರ್ಧಕ್ಕಿಂತ ಕಡಿಮೆಗೆ ಹೇಗೆ ಮಾಡುತ್ತಾರೆ? ಕೂಲಿ ಕಡಿಮೆ, ನಿಜ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಬೇರೆ ಕಂಪನಿಯ ಬಂಪರ್, ಹೆಡ್‌ಲೈಟು ಕಡಿಮೆ ಬೆಲೆಯವು, ಅದೂ ನಿಜ. ಅಷ್ಟರಲ್ಲಿ ಒಂದಿಷ್ಟು ಉಳಿಯುತ್ತದೆ. ಮಿಕ್ಕದ್ದು ಉಳಿಯುವುದು ಮಾಡದೆ ಬಿಟ್ಟ ಕೆಲಸದಲ್ಲಿ. ಆ ಗ್ಯಾರೇಜಿನವರ ಹತ್ತಿರ ಬರಹದಲ್ಲಿ ಪಟ್ಟಿ ಕೇಳಿ. ಎರಡು ಹೊಸ ಏರ್‌ಬ್ಯಾಗ್, ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್, ಎರಡೂ ಸೀಟ್‌ಬೆಲ್ಟಿನ ಪ್ರಿಟೆನ್ಷನರ್ (ಗುದ್ದಿದಾಗ ಬೆಲ್ಟ್ ಬಿಗಿ ಮಾಡುವ ಸಾಧನ), ಹರಿದ ಡ್ಯಾಶ್‌ಬೋರ್ಡ್, ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗಿಗೆ ಕರೆಂಟ್ ಒಯ್ಯುವ ಸುರುಳಿ) ಅದರಲ್ಲಿ ಇದೆಯಾ ನೋಡಿ. ನಾನು ನೋಡಿದ ಇಂಥ ಪಟ್ಟಿಗಳಲ್ಲಿ ಬಾನೆಟ್, ಫೆಂಡರ್, ರೇಡಿಯೇಟರ್, ಟಿಂಕರಿಂಗ್, ಪೇಂಟಿಂಗ್ ಇರುತ್ತವೆ. ಏರ್‌ಬ್ಯಾಗ್ ಮುಂದೆ 'ಸೆಟ್ ಮಾಡಿಕೊಡಲಾಗುವುದು' ಅಂತ ಇರುತ್ತದೆ.

ಆ 'ಸೆಟ್' ಏನು ಅಂತ ಎಲ್ಲರಿಗೂ ಗೊತ್ತಿರಬೇಕು. ತೆರೆದ ಏರ್‌ಬ್ಯಾಗನ್ನು ಕತ್ತರಿಸಿ ತೆಗೆಯುತ್ತಾರೆ. ಅದರ ಕನೆಕ್ಟರಿಗೆ ಕೆಲವೇ ರೂಪಾಯಿಯ ಒಂದು ರೆಸಿಸ್ಟರ್ ಸಿಕ್ಕಿಸುತ್ತಾರೆ. ಕಂಟ್ರೋಲ್ ಯೂನಿಟ್ಟಿಗೆ ಏರ್‌ಬ್ಯಾಗ್ ಇದೆ ಅನ್ನಿಸುತ್ತದೆ. ಕೀ ತಿರುಗಿಸಿದಾಗ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರುತ್ತದೆ. ಎಲ್ಲ ಸರಿಯಾಗಿದೆ ಅಂತ ನೀವು ನಂಬುತ್ತೀರಿ. ಮೇಲಿನ ಮುಚ್ಚಳ ಹೊಸದು, ಒಳಗೆ ಏನೂ ಇಲ್ಲ. ಇಂಥ ಒಂದು ಗಾಡಿಯನ್ನು ಎರಡನೇ ಅಪಘಾತದ ನಂತರ ನಾನೇ ಬಿಚ್ಚಿಸಿ ನೋಡಿದ್ದೇನೆ. ಓಡಿಸುತ್ತಿದ್ದವರು ಅದನ್ನು ಸೆಕೆಂಡ್ ಹ್ಯಾಂಡ್ ಅಂತ ಕೊಂಡಿದ್ದರು. ಹಿಂದಿನ ಕಥೆ ಅವರಿಗೆ ಯಾರೂ ಹೇಳಿರಲಿಲ್ಲ. ಆ ರೆಸಿಸ್ಟರ್ ಅಂಗೈಯಲ್ಲಿ ಇಟ್ಟುಕೊಂಡು ಅವರ ಮನೆಯವರಿಗೆ ವಿವರಿಸಬೇಕಾಗಿ ಬಂದ ದಿನದಿಂದ ಈ ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ. ಈ ಕೆಲಸ ಮಾಡುವವರನ್ನು ನಾನು ಮೆಕ್ಯಾನಿಕ್ ಅಂತ ಕರೆಯುವುದಿಲ್ಲ.

ಇನ್ನು ಪಿಲ್ಲರ್. ಈಗಿನ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಪಿಲ್ಲರುಗಳಲ್ಲಿ ತುಂಬ ಗಟ್ಟಿ ಉಕ್ಕು ಬಳಸುತ್ತಾರೆ. ಅದನ್ನು ಗ್ಯಾಸಿನಲ್ಲಿ ಕಾಯಿಸಿ ಬಡಿದು ನೇರ ಮಾಡಿದರೆ ನೋಡಲು ನೇರವಾಗುತ್ತದೆ, ಬಲ ಹೋಗಿರುತ್ತದೆ. ಬಾಡಿಯನ್ನು ಅಳತೆ ಬೆಂಚ್ ಅನ್ನುವ ಕಬ್ಬಿಣದ ಚೌಕಟ್ಟಿನ ಮೇಲೆ ಬಿಗಿದು, ತಯಾರಕರು ಕೊಟ್ಟ ಅಳತೆಗೆ ಹೋಲಿಸುತ್ತಾ ಎಳೆಯಬೇಕು. ಕೆಟ್ಟ ಭಾಗವನ್ನು ಕತ್ತರಿಸಿ ಹೊಸದನ್ನು ಅವರು ಹೇಳಿದ ಜಾಗದಲ್ಲೇ ವೆಲ್ಡ್ ಮಾಡಬೇಕು. ನಿಮ್ಮ ಭಾವನ ಪರಿಚಯದವರ ಹತ್ತಿರ ಅಳತೆ ಬೆಂಚ್ ಇದೆಯಾ? ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯಿತು. 'ಕಣ್ಣಳತೆಯಲ್ಲೇ ಕೂರಿಸ್ತೀನಿ, ಮೂವತ್ತು ವರ್ಷದ ಅನುಭವ' ಅನ್ನುವವರ ಅನುಭವಕ್ಕೆ ನನಗೆ ಗೌರವವಿದೆ. ಆದರೆ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಅದು ಕಾಣುವುದು ಒಂದೇ ಕಡೆ ಸವೆಯುವ ಟಯರಿನಲ್ಲಿ, ಬಾಗಿಲು ಮುಚ್ಚುವಾಗಿನ ಸದ್ದಿನಲ್ಲಿ, ಮುಂದಿನ ಸಲ ಗುದ್ದಿದಾಗ.

ಈ ಎಲ್ಲ ಕೆಲಸವನ್ನು ಸರಿಯಾಗಿ ಮಾಡಿಸಿದರೆ ಬಿಲ್ಲು ಎಲ್ಲಿಗೆ ಹೋಗುತ್ತದೆ? ಶೋರೂಮ್ ಹೇಳಿದ ಮೊತ್ತದ ಹತ್ತಿರಕ್ಕೆ. ಅದಕ್ಕೆ 1,60,000 ಸೇರಿಸಿ. ಅದೇ ವಯಸ್ಸಿನ, ಪೆಟ್ಟು ಬೀಳದ ಕಾರು ಅದಕ್ಕಿಂತ ಕಡಿಮೆಗೆ ಸಿಗುತ್ತದೆ. ನಿಮ್ಮದನ್ನು ನಾಳೆ ಮಾರಲು ಹೋದರೆ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ. ಹಾಗಾಗಿ ಗಾಡಿ ಬಿಟ್ಟುಕೊಡಿ, 5,19,000 ತೆಗೆದುಕೊಳ್ಳಿ. ಸಾಲ ಇದ್ದರೆ ಮೊದಲು ಬ್ಯಾಂಕಿಗೆ ಹೋಗುತ್ತದೆ, ಮಿಕ್ಕದ್ದು ನಿಮಗೆ.

ಹಾಗಾದರೆ ಟೋಟಲ್ ಲಾಸ್ ಆದದ್ದನ್ನು ಯಾರೂ ರಿಪೇರಿ ಮಾಡಿಸಲೇಬಾರದಾ? ಹಾಗೆ ನಾನು ಹೇಳುವುದಿಲ್ಲ. ಟೋಟಲ್ ಲಾಸ್ ಅನ್ನುವುದು ಲೆಕ್ಕದ ಮಾತು. ಪಾಲಿಸಿಯ ಷರತ್ತಿನ ಪ್ರಕಾರ ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಕಂಪನಿ ಹಾಗೆ ಕರೆಯುತ್ತದೆ. ಹಳೆ ಕಾರಿನ ಐಡಿವಿಯೇ ಕಡಿಮೆ. ಸಣ್ಣ ಪೆಟ್ಟಿಗೂ ಅದು ಗೆರೆ ದಾಟಿಬಿಡುತ್ತದೆ.

ದಾವಣಗೆರೆಯಿಂದ ಒಬ್ಬರು ಹೀಗೆ ಬರೆದಿದ್ದಾರೆ. ಹನ್ನೊಂದು ವರ್ಷದ ಕಾರು, ಐಡಿವಿ 1,40,000. ಎಮ್ಮೆ ಅಡ್ಡ ಬಂದು ಬಂಪರ್, ಬಾನೆಟ್, ಒಂದು ಫೆಂಡರ್, ಎರಡು ಹೆಡ್‌ಲೈಟು, ರೇಡಿಯೇಟರ್ ಹೋಗಿವೆ. ಏರ್‌ಬ್ಯಾಗ್ ಆ ಮಾಡೆಲ್ಲಿನಲ್ಲಿ ಇಲ್ಲವೇ ಇಲ್ಲ. ಶೋರೂಮ್ ಎಸ್ಟಿಮೇಟ್ 1,15,000. 75% ಅಂದರೆ 1,05,000, ಹಾಗಾಗಿ ಟೋಟಲ್ ಲಾಸ್. ಗುಜರಿ ಬೆಲೆ 45,000. ಇವರಿಗೆ ನನ್ನ ಉತ್ತರ: ಮಾಡಿಸಿ. ಇವೆಲ್ಲ ಬೋಲ್ಟ್ ಬಿಚ್ಚಿ ಹಾಕುವ ಭಾಗಗಳು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಒಳ್ಳೆಯ ಹಳೆ ಬಾನೆಟ್, ಫೆಂಡರ್ ಸಿಗುತ್ತವೆ. ಹೊಸ ರೇಡಿಯೇಟರ್ ಹಾಕಿಸಿ, ಅದರಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಅವರಿಗೆ 40,000ಕ್ಕೆ ಕೆಲಸ ಮುಗಿದರೆ, ಗುಜರಿ ಬೆಲೆ ಸೇರಿ 85,000ಕ್ಕೆ ತಾವೇ ನೋಡಿಕೊಂಡು ಬಂದ, ಹಣೆಬರಹ ಗೊತ್ತಿರುವ ಕಾರು ಉಳಿಯುತ್ತದೆ. ಅಷ್ಟು ದುಡ್ಡಿಗೆ ಅದಕ್ಕಿಂತ ಒಳ್ಳೆಯದು ಹೊರಗೆ ಸಿಗುವುದು ಕಷ್ಟ.

ಆದರೆ ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಲೇಬೇಕು. ಆರ್‌ಸಿ ರದ್ದು ಮಾಡಿಸಬೇಕು ಅನ್ನುವ ಷರತ್ತು ಇದೆಯಾ ಅಂತ ಕಂಪನಿಯಿಂದ ಬರಹದಲ್ಲಿ ಕೇಳಿ. ಗಾಡಿ ಪೂರ್ತಿ ನಾಶವಾದರೆ, ಇಲ್ಲವೇ ಇನ್ನೆಂದೂ ಬಳಸಲಾಗದ ಸ್ಥಿತಿಗೆ ಬಂದರೆ, 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಅದನ್ನು ಆಧರಿಸಿ ಕಂಪನಿಗಳು ಆರ್‌ಸಿ ರದ್ದತಿ ಪತ್ರ ಕೇಳುವುದುಂಟು. ಆರ್‌ಸಿ ರದ್ದಾದ ಮೇಲೆ ನೀವು ಎಷ್ಟು ಚಂದ ರಿಪೇರಿ ಮಾಡಿಸಿದರೂ ಅದು ರಸ್ತೆಗೆ ಇಳಿಯುವ ಹಾಗಿಲ್ಲ. ಗ್ಯಾರೇಜಿಗೆ ಅಡ್ವಾನ್ಸ್ ಕೊಟ್ಟ ಮೇಲೆ ಇದು ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ. ಜೊತೆಗೆ, ಟೋಟಲ್ ಲಾಸ್ ಹಣ ಬಂದ ಮೇಲೆ ಹಳೆ ಪಾಲಿಸಿ ಮುಗಿದ ಹಾಗೇ. ಕನಿಷ್ಠ ಥರ್ಡ್ ಪಾರ್ಟಿ ವಿಮೆಯನ್ನಾದರೂ ಹೊಸದಾಗಿ ಮಾಡಿಸದೆ ಗ್ಯಾರೇಜಿನಿಂದ ಮನೆ ತನಕವೂ ಓಡಿಸಬೇಡಿ.

ಪ್ರಶ್ನೆ: 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಯಮಲೂರು ಕಡೆ ಮುಳುಗಿದ್ದ ಕಾರು ಅಂತೆ. ಈಗ ಚೆನ್ನಾಗಿ ಓಡುತ್ತಿದೆ, ರೇಟೂ ಕಡಿಮೆ. ತೆಗೆದುಕೊಳ್ಳಲಾ?

ಉತ್ತರ: ಡ್ಯಾಶ್‌ಬೋರ್ಡ್ ತನಕ ನೀರು ನಿಂತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ನೀರು ಒಣಗುತ್ತದೆ, ಅದರಲ್ಲಿದ್ದ ಕೊಳಚೆ ಮತ್ತು ಉಪ್ಪು ವೈರಿಂಗ್ ಕನೆಕ್ಟರುಗಳ ಒಳಗೆ ಉಳಿಯುತ್ತವೆ. ಪಿನ್ನುಗಳು ನಿಧಾನಕ್ಕೆ ಹಸಿರುಗಟ್ಟುತ್ತವೆ. ಆರು ತಿಂಗಳೋ ಎರಡು ವರ್ಷವೋ ಆದ ಮೇಲೆ ಒಂದು ದಿನ ಬ್ರೇಕಿನ ಎಬಿಎಸ್ ದೀಪ, ಇನ್ನೊಂದು ದಿನ ಪವರ್ ಸ್ಟೀರಿಂಗ್. ಇಡೀ ವೈರಿಂಗ್ ಬದಲಿಸಿದ ಬಿಲ್ಲು ತೋರಿಸಿದರೆ ಮಾತ್ರ ಮಾತು ಮುಂದುವರಿಸಿ. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಕೊನೆಯ ಭಾಗದಲ್ಲಿ ಕೆಸರಿನ ಕಲೆ ಇದೆಯಾ ನೋಡಿ. ಕಾರು ತೊಳೆಯುವವರು ಅಲ್ಲಿಗೆ ಕೈ ಹಾಕುವುದು ಕಡಿಮೆ.

ಪ್ರಶ್ನೆ: ನೀರಲ್ಲಿ ನಿಂತುಹೋದ ಗಾಡಿಯನ್ನು ಎರಡು ದಿನ ಬಿಸಿಲಲ್ಲಿ ಒಣಗಿಸಿ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ ಅಂತಾರೆ, ಹೌದಾ?

ಉತ್ತರ: ಇಲ್ಲ. ಕೀ ಮುಟ್ಟದೆ ಟೋ ಮಾಡಿಸಿ. ಎಂಜಿನ್ ಒಳಗೆ ನೀರು ಇರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಪ್ರಶ್ನೆ: 15,000 ಕೊಟ್ಟರೆ ಸರ್ವೇಯರ್ ಹತ್ತಿರ ಮಾತಾಡಿ ಟೋಟಲ್ ಲಾಸ್ ಬರೆಸಿಕೊಡ್ತೀನಿ ಅಂತ ಏಜೆಂಟ್ ಹೇಳಿದ್ದಾನೆ.

ಉತ್ತರ: ಅದು ಲಂಚ, ಅದರ ಜೊತೆ ವಿಮಾ ವಂಚನೆ. ಸಿಕ್ಕಿಬಿದ್ದರೆ ಕ್ಲೇಮೂ ಹೋಗುತ್ತದೆ. ಆ ಏಜೆಂಟನನ್ನು ಮನೆ ಹತ್ತಿರ ಸೇರಿಸಬೇಡಿ.

ಪ್ರಶ್ನೆ: ನಮಗೆ ಕಾರು ರಿಪೇರಿಯೇ ಬೇಕು. ಖರ್ಚು ಐಡಿವಿಯ 60% ಕೂಡ ದಾಟಿಲ್ಲ. ಆದರೂ ಟೋಟಲ್ ಲಾಸ್‌ಗೆ ಒಪ್ಪಿಕೊಳ್ಳಿ ಅಂತ ಒತ್ತಾಯ ಮಾಡ್ತಾರೆ.

ಉತ್ತರ: ಒಪ್ಪಬೇಡಿ. ಸರ್ವೆ ವರದಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ಕಂಪನಿಗೆ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಿ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಪ್ರಶ್ನೆ: ಜಖಂ ಗಾಡಿ ಕೊಂಡವರು ಆರ್‌ಸಿಯ ಹೆಸರು ಬದಲಾಯಿಸುವ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಒಯ್ದರು. ಎಂಟು ತಿಂಗಳಾಯಿತು, ಆರ್‌ಸಿ ಇನ್ನೂ ನನ್ನ ಹೆಸರಲ್ಲೇ ಇದೆ. ತೊಂದರೆ ಇದೆಯಾ?

ಉತ್ತರ: ಇದೆ, ದೊಡ್ಡ ತೊಂದರೆ. ಗಾಡಿ ಮಾರಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರ ಅವರೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಇನ್ನೊಂದು ಅಪಾಯವೂ ಇದೆ. ಜಖಂ ಗಾಡಿಯ ಆರ್‌ಸಿ ಮತ್ತು ಚಾಸಿ ನಂಬರನ್ನು ಅದೇ ಮಾಡೆಲ್ಲಿನ ಕದ್ದ ಕಾರಿಗೆ ಹಾಕಿ ಮಾರುವ ಜಾಲಗಳನ್ನು ಪೊಲೀಸರು ಹಿಡಿದಿದ್ದಾರೆ. ಇವತ್ತೇ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿಯ ಸ್ಥಿತಿ ನೋಡಿ. ಮಾರಿದ ದಿನಾಂಕ, ಕೊಂಡವರ ಹೆಸರು, ಹಣ ಬಂದ ಬ್ಯಾಂಕ್ ದಾಖಲೆ ಸೇರಿಸಿ ನಿಮ್ಮ ಆರ್‌ಟಿಒಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಮಾ ಕಂಪನಿಗೂ ಒಂದು ಪ್ರತಿ ಕಳಿಸಿ. ಕೊಂಡವರು ಫೋನ್ ಎತ್ತದಿದ್ದರೆ ಠಾಣೆಯಲ್ಲೂ ದೂರು ಕೊಡಿ. ಸೋಮವಾರ ನೋಡೋಣ ಅನ್ನಬೇಡಿ.