ಬ್ರೂಕ್ಲಿನ್ ಸೋತಷ್ಟೂ ಬಾಸ್ಟನ್‌ಗೆ ಲಾಭ
ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 2016–17ರಲ್ಲಿ 62 ಪಂದ್ಯ ಸೋತ ಬ್ರೂಕ್ಲಿನ್ ನೆಟ್ಸ್‌ಗೆ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ; ಹೆಚ್ಚು ಸೋತವರಿಗೆ ಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು) ಮೊದಲ ಆಯ್ಕೆ ಏಕೆ ದಕ್ಕಲಿಲ್ಲ? ಬಂದಿತ್ತು, ಆದರೆ ಅದು ಆಗಲೇ ಪರರ ಪಾಲಾಗಿತ್ತು. 2013ರಲ್ಲಿ ಹಿರಿಯ ಆಟಗಾರರಾದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಅವರನ್ನು ಪಡೆಯಲು ನೆಟ್ಸ್‌ನವರು 2014, 2016, 2018ರ ಮೊದಲ ಸುತ್ತಿನ ಆಯ್ಕೆಗಳನ್ನು ಬಾಸ್ಟನ್ ಸೆಲ್ಟಿಕ್ಸ್‌ಗೆ ಬರೆದುಕೊಟ್ಟಿದ್ದರು. 2017ರ ತಮ್ಮ ಆಯ್ಕೆಯನ್ನು ಬಾಸ್ಟನ್ ತನ್ನದರೊಂದಿಗೆ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿದ್ದರು. ಗಾರ್ನೆಟ್‌ಗೆ ಆಗಲೇ 37 ವರ್ಷ! ಆ ಜೋಡಿ ಗೆಲ್ಲಿಸಿಕೊಟ್ಟದ್ದು ಟೊರಾಂಟೊ ವಿರುದ್ಧದ ಒಂದೇ ಪ್ಲೇಆಫ್ ಸರಣಿ. ಅದೂ ಏಳನೇ ಪಂದ್ಯದ ಕೊನೆಯ ಕ್ಷಣದಲ್ಲಿ ಪಿಯರ್ಸ್ ಕೈಚಾಚಿ ಟೊರಾಂಟೊ ಆಟಗಾರ ಲೌರಿಯ ಎಸೆತವನ್ನು ತಡೆದದ್ದರಿಂದ.

ಬಾಸ್ಟನ್ ಬ್ರೂಕ್ಲಿನ್‌ನಿಂದ ಬಂದ ಆಯ್ಕೆಯಿಂದ 2016ರಲ್ಲಿ ಜೇಲನ್ ಬ್ರೌನ್‌ನನ್ನು ತಂದಿತು. ಮರುವರ್ಷ ಅದಲುಬದಲಿನಿಂದ ಸಿಕ್ಕ ಮೊದಲ ಆಯ್ಕೆಯನ್ನು ಫಿಲಡೆಲ್ಫಿಯಾಗೆ ಬಿಟ್ಟುಕೊಟ್ಟು, ಮೂರನೆಯ ಆಯ್ಕೆಯ ಜೊತೆಗೆ ಇನ್ನೊಂದನ್ನೂ ಗಿಟ್ಟಿಸಿ, ಜೇಸನ್ ಟೇಟಮ್‌ನನ್ನು ಹಿಡಿಯಿತು. ನಿಜವಾದ ಜಾಣತನ ಅದೇ ಎನ್ನುತ್ತೇನೆ. 2024ರಲ್ಲಿ ಬಾಸ್ಟನ್ ಚಾಂಪಿಯನ್ ಆದದ್ದು ಈ ಇಬ್ಬರನ್ನು ಮುಂದಿಟ್ಟುಕೊಂಡೇ.