ಪಂದ್ಯಕ್ಕೆ ಮುನ್ನ ಮೈ ಬಿಸಿಯಾಗಲಿ, ಕಾಲು ಚುರುಕಾಗಲಿ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಫುಟ್‌ಬಾಲ್ ತಂಡದ ಹುಡುಗರು 13ರಿಂದ 15 ವರ್ಷದವರು. ಪಂದ್ಯಕ್ಕೆ ಮೊದಲು ಮೈದಾನಕ್ಕೆ ಎರಡು ಸುತ್ತು ಓಡಿಸಿ, ವೃತ್ತಾಕಾರದಲ್ಲಿ ನಿಲ್ಲಿಸಿ ಹತ್ತು ನಿಮಿಷ ಸ್ಟ್ರೆಚಿಂಗ್ ಮಾಡಿಸುತ್ತೇನೆ. ಆದರೂ ಆಟ ಶುರುವಾದಾಗ ಎದುರಾಳಿಗಳೇ ಚೆಂಡನ್ನು ಮೊದಲು ತಲುಪುತ್ತಾರೆ. ವೇಗ ಹೆಚ್ಚಬೇಕಾದರೆ ವಾರ್ಮ್‌ಅಪ್ ಹೇಗಿರಬೇಕು?
— ಓದುಗರು, ಹಾಸನ ಜಿಲ್ಲೆ

ಉತ್ತರ: ಕಾರಣ ನಿಮ್ಮ ಪತ್ರದಲ್ಲೇ ಇದೆ. ಫುಟ್‌ಬಾಲ್ ಆಟಗಾರನ ಬಿರುಸಿನ ಓಟ ಸಾಮಾನ್ಯವಾಗಿ 10ರಿಂದ 20 ಮೀಟರ್ ದೂರದ್ದು, ಎರಡರಿಂದ ನಾಲ್ಕು ಸೆಕೆಂಡುಗಳಲ್ಲಿ ಮುಗಿಯುವಂಥದ್ದು. ನಿಮ್ಮ ಹುಡುಗರು ನಿಧಾನವಾಗಿ ಎರಡು ಸುತ್ತು ಓಡಿ, ಬಳಿಕ ಹತ್ತು ನಿಮಿಷ ನಿಂತಲ್ಲೇ ನಿಂತು, ಒಮ್ಮೆಯೂ ಪೂರ್ಣ ವೇಗದಲ್ಲಿ ಓಡದೆ ಪಂದ್ಯಕ್ಕೆ ಇಳಿಯುತ್ತಿದ್ದಾರೆ. ಅವರ ನಿಜವಾದ ವಾರ್ಮ್‌ಅಪ್ ನಡೆಯುತ್ತಿರುವುದು ಆಟದ ಮೊದಲ ಹತ್ತು ನಿಮಿಷಗಳಲ್ಲಿ. ಬಿಸಿಯಾದ ಸ್ನಾಯು ಬೇಗ ಸಂಕುಚಿಸುತ್ತದೆ, ಹೆಚ್ಚು ಶಕ್ತಿ ಕೊಡುತ್ತದೆ. ಆದರೆ ಅದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಅದರ ಪುಟಿಯುವ ಗುಣ ಸ್ವಲ್ಪ ಹೊತ್ತು ತಗ್ಗುತ್ತದೆ. ಆದ್ದರಿಂದ ದೀರ್ಘ ಸ್ಟ್ರೆಚಿಂಗ್ ಅನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳಿ.

ಮೊದಲ ನಾಲ್ಕೈದು ನಿಮಿಷ ಹಗುರವಾಗಿ ಓಡಿಸಿ. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ, ಸಾಧ್ಯವಾದರೆ ಕಾಲಲ್ಲಿ ಚೆಂಡಿಟ್ಟುಕೊಂಡು. ನಂತರ ಚಲಿಸುತ್ತಲೇ ಕೀಲುಗಳನ್ನು ಸಡಿಲಗೊಳಿಸುವ ವ್ಯಾಯಾಮಗಳು ಬರಲಿ: ದೊಡ್ಡ ಹೆಜ್ಜೆ ಹಾಕಿ ಮಂಡಿ ಬಗ್ಗಿಸುತ್ತ ನಡೆಯುವುದು, ಕಾಲನ್ನು ಹಿಂದೆ ಮುಂದೆ ಬೀಸುವುದು, ಮಂಡಿ ಎತ್ತಿ ಕುಪ್ಪಳಿಸುವುದು. ಇದಾದ ಮೇಲೆ ಮುಂಗಾಲಿನ ಮೇಲೆ ಸಣ್ಣ ಸಣ್ಣ ನೆಗೆತಗಳನ್ನು ಎರಡು ಸರದಿ ಮಾಡಿಸಿ. ಇಲ್ಲಿ ನೀವು ಪಕ್ಕದಲ್ಲೇ ನಿಂತು ಸದ್ದನ್ನು ಕೇಳಬೇಕು. ಪಾದ ‘ಟಪ್’ ಎಂದು ಚುಟುಕಾಗಿ ನೆಲ ಮುಟ್ಟಿ ಮೇಲೆದ್ದರೆ ಸರಿ. ಹಿಮ್ಮಡಿ ‘ಧಪ್’ ಎಂದು ಕುಸಿದರೆ, ಮಂಡಿ ಒಳಕ್ಕೆ ವಾಲಿದರೆ, ಆ ಹುಡುಗನನ್ನು ತಡೆದು ನೆಗೆತದ ಎತ್ತರ ಕಡಿಮೆ ಮಾಡಿಸಿ. ಈ ವಯಸ್ಸಿನಲ್ಲಿ ಎಲುಬು ಬೇಗ ಬೇಗ ಉದ್ದವಾಗುವುದರಿಂದ ಹಿಮ್ಮಡಿಯಲ್ಲೋ ಮಂಡಿಚಿಪ್ಪಿನ ಕೆಳಗೋ ನೋವು ಬರುವುದು ಸಾಮಾನ್ಯ. ನೋವಿದೆ ಎಂದವನನ್ನು ನೆಗೆಯಲು ಒತ್ತಾಯಿಸಬೇಡಿ, ವೈದ್ಯರಿಗೆ ತೋರಿಸಲು ಹೇಳಿ.

ಕೊನೆಯ ಹಂತವೇ ಮುಖ್ಯ, ನಮ್ಮ ಮೈದಾನಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. 15 ಮೀಟರ್ ದೂರವನ್ನು ಮೊದಲು ಮುಕ್ಕಾಲು ವೇಗದಲ್ಲಿ, ಮತ್ತೆ ಇನ್ನಷ್ಟು ಜೋರಾಗಿ, ಕಡೆಗೆ ಮೂರು ಬಾರಿ ಪೂರ್ಣ ವೇಗದಲ್ಲಿ ಓಡಿಸಿ. ಪ್ರತಿ ಪೂರ್ಣ ಓಟದ ನಂತರ ನಡೆದುಕೊಂಡು ವಾಪಸ್ ಬಂದು ಒಂದು ನಿಮಿಷವಾದರೂ ಸುಧಾರಿಸಿಕೊಳ್ಳಲಿ. ಏದುಸಿರು ಬಿಡುತ್ತ ಓಡಿದರೆ ಅದು ದಮ್ಮಿನ ಅಭ್ಯಾಸವಾಗುತ್ತದೆಯೇ ಹೊರತು ವೇಗದ ಅಭ್ಯಾಸವಾಗುವುದಿಲ್ಲ. ಅಭ್ಯಾಸದ ದಿನಗಳಲ್ಲಿ ಆರಂಭದ ಭಂಗಿಯನ್ನು ಬದಲಿಸಿ: ಪಕ್ಕಕ್ಕೆ ತಿರುಗಿ ನಿಂತು, ಬೋರಲು ಮಲಗಿ, ಗೆಳೆಯನ ಕೈಯಿಂದ ಚೆಂಡು ಜಾರಿದ ಕ್ಷಣಕ್ಕೆ ಓಡಲಿ. ಇಬ್ಬಿಬ್ಬರನ್ನು ಜೋಡಿ ಮಾಡಿ ಪೈಪೋಟಿಗೆ ಬಿಟ್ಟರೆ ಮಕ್ಕಳು ಹೇಳಿಸಿಕೊಳ್ಳದೆಯೇ ಪೂರ್ಣ ವೇಗದಲ್ಲಿ ಓಡುತ್ತಾರೆ.

ಪಂದ್ಯದ ದಿನದ ವಾರ್ಮ್‌ಅಪ್ ಇಲ್ಲದ ವೇಗವನ್ನು ತಂದುಕೊಡುವುದಿಲ್ಲ, ಇರುವ ವೇಗವನ್ನು ಹೊರಗೆ ತರುತ್ತದೆ, ಅಷ್ಟೇ. ವೇಗ ಬೆಳೆಯುವುದು ಇದೇ ಕ್ರಮವನ್ನು ವಾರಕ್ಕೆ ಎರಡು ಮೂರು ದಿನದಂತೆ ತಿಂಗಳುಗಟ್ಟಲೆ ಪಾಲಿಸಿದಾಗ. ಫಿಫಾ ರೂಪಿಸಿದ ‘11 ಪ್ಲಸ್’ ಎಂಬ ಸುಮಾರು 20 ನಿಮಿಷಗಳ ವಾರ್ಮ್‌ಅಪ್ ಕೂಡ ಓಟ, ಬಲ, ನೆಗೆತ, ಸಮತೋಲನ, ಮತ್ತೆ ವೇಗದ ಓಟ ಎಂದೇ ಸಾಗುತ್ತದೆ. ಅದನ್ನು ಪಾಲಿಸಿದ ನಾರ್ವೆಯ 13ರಿಂದ 17 ವರ್ಷದ ಆಟಗಾರ್ತಿಯರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದುದನ್ನು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಾಯವಿಲ್ಲದೆ ಇಡೀ ವರ್ಷ ಓಡುವ ಮಗುವಿಗೆ ವೇಗ ಬೆಳೆಸಿಕೊಳ್ಳಲು ಅಷ್ಟು ಹೆಚ್ಚು ದಿನಗಳು ಸಿಗುತ್ತವೆ.

ಇನ್ನೊಂದು ಮಾತು. ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಅತಿಥಿಗಳ ಭಾಷಣ, ಕೈಕುಲುಕುವ ಕಾರ್ಯಕ್ರಮಗಳಿಗಾಗಿ ಮಕ್ಕಳು ಕಾಲು ಗಂಟೆ ಸಾಲಾಗಿ ನಿಲ್ಲುವುದುಂಟು. ಆಗ ಮಾಡಿದ ವಾರ್ಮ್‌ಅಪ್‌ನ ಬಹುಪಾಲು ಫಲ ಹೋಗಿಬಿಡುತ್ತದೆ. ಸೀಟಿ ಊದುವ ಮುನ್ನ ಎರಡು ಚುಟುಕು ಓಟಗಳಿಗೆ ಅವಕಾಶ ಕೇಳಿ ಪಡೆಯಿರಿ.

ಪ್ರಶ್ನೆ: ನನ್ನ ಮಗಳು ದ್ವಿತೀಯಾರ್ಧದ ಆರಂಭದಲ್ಲಿ ತುಂಬ ನಿಧಾನವಾಗಿ ಓಡುತ್ತಾಳೆ. ಇದು ಸುಸ್ತಿನಿಂದಲೇ?
— ಓದುಗರು, ಬೆಂಗಳೂರು

ಉತ್ತರ: ಸುಸ್ತೊಂದೇ ಕಾರಣವಲ್ಲ. 15 ನಿಮಿಷದ ವಿರಾಮದಲ್ಲಿ ಸುಮ್ಮನೆ ಕುಳಿತರೆ ತೊಡೆಯ ಸ್ನಾಯುವಿನ ಉಷ್ಣತೆ ಸುಮಾರು 2 ಡಿಗ್ರಿ ಇಳಿಯಬಹುದು, ಅದರೊಡನೆ ವೇಗವೂ ತಗ್ಗುತ್ತದೆ. ನೀರು ಕುಡಿದು, ತರಬೇತುದಾರರ ಮಾತು ಕೇಳಿ ಮುಗಿದ ಮೇಲೆ ಕೊನೆಯ ಎರಡು ಮೂರು ನಿಮಿಷ ಆಕೆ ಗೆರೆಯಾಚೆ ಹಗುರವಾಗಿ ಓಡಲಿ, ನಾಲ್ಕಾರು ಬಾರಿ ನೆಗೆಯಲಿ, 10 ಮೀಟರ್‌ನ ಒಂದು ಜೋರಿನ ಓಟ ಮುಗಿಸಿ ಮೈದಾನಕ್ಕೆ ಇಳಿಯಲಿ.