‘ಡ್ರಾಪ್ಡ್ ದ ಬಾಲ್’ ಅಂದರೆ ಬೈದ ಹಾಗಾ?

ಅಮೆರಿಕಕ್ಕೆ ಬಂದು ಮೂರು ವಾರ ಆಯ್ತು, ಮೀಟಿಂಗ್‌ನಲ್ಲಿ ಮ್ಯಾನೇಜರ್ ‘ವಿ ಡ್ರಾಪ್ಡ್ ದ ಬಾಲ್’ ಅಂದುಬಿಟ್ಟರು, ಇದು ನನಗೇ ಬೈದದ್ದಾ, ಈ ಮಾತು ಬಂದದ್ದಾದರೂ ಎಲ್ಲಿಂದ ಅಂತ ಕೇಳಿದ್ದೀರಿ. ಹೆದರಬೇಡಿ. ‘ವಿ’ ಅಂದಿದ್ದಾರಲ್ವಾ, ಅರ್ಧ ಖಾರ ಅಲ್ಲೇ ಇಳಿದಿದೆ.

ನಾವು ಕ್ಯಾಚ್ ಬಿಟ್ಟ ಅಂತೀವಲ್ಲ, ಅದೇ. ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್‌ಗಳಲ್ಲಿ ಕೈಗೆ ಬಂದ ಚೆಂಡು ಬಿಟ್ಟರೆ ಆಟವೇ ತಿರುಗಿಬಿಡುತ್ತದೆ. ಆದರೆ ಎಲ್ಲ ತಪ್ಪಿಗೂ ಈ ಮಾತು ಹೊಂದುವುದಿಲ್ಲ. ಲೆಕ್ಕ ತಪ್ಪಿದರೆ ಅದು ಬರೀ ಮಿಸ್ಟೇಕ್. ನಿಮಗೆ ಒಪ್ಪಿಸಿದ ಕೆಲಸ ನಿಮ್ಮ ಗಮನ ತಪ್ಪಿ ನಿಂತುಹೋದರೆ ಆಗ ಇದು. ಕನ್ನಡದಲ್ಲಿ ‘ಕೈಬಿಟ್ಟೆ’ ಅಂದರೆ ಬೇಕಂತಲೇ ಬಿಟ್ಟ ಹಾಗಿರುತ್ತದೆ, ‘ಕೈತಪ್ಪಿತು’ ಅಂದರೆ ಯಾರದೂ ತಪ್ಪಿಲ್ಲ ಅನ್ನಿಸುತ್ತದೆ. ಇದು ಎರಡರ ನಡುವಿನದು.

ಕ್ರಿಕೆಟ್ ಸ್ಕೋರ್‌ಕಾರ್ಡಿನಲ್ಲಿ ಬಿಟ್ಟ ಕ್ಯಾಚ್ ಕಾಣುವುದಿಲ್ಲ. ಬೇಸ್‌ಬಾಲ್ ಬೋರ್ಡಿನಲ್ಲಿ ರನ್, ಹಿಟ್ ಪಕ್ಕದಲ್ಲೇ ಎರರ್‌ಗೆ ಅಂತ ‘ಇ’ ಕಾಲಂ ಇದೆ! 1912ರ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯ ಕೊನೇ ಪಂದ್ಯ, ಬಾಸ್ಟನ್‌ನ ಫೆನ್‌ವೇ ಪಾರ್ಕ್. ನ್ಯೂಯಾರ್ಕ್ ಜೈಂಟ್ಸ್ 2-1ರಿಂದ ಮುಂದಿದ್ದಾಗ 10ನೇ ಇನಿಂಗ್ಸ್‌ನಲ್ಲಿ ಅವರದೇ ಫೀಲ್ಡರ್ ಫ್ರೆಡ್ ಸ್ನಾಡ್‌ಗ್ರಾಸ್ ಸುಲಭದ ಚೆಂಡೊಂದನ್ನು ಬಿಟ್ಟ. ಮುಂದಿನ ಬ್ಯಾಟರ್ ಹೊಡೆದದ್ದನ್ನು ಅವನೇ ಓಡಿ ಅದ್ಭುತವಾಗಿ ಹಿಡಿದ, ಅದು ಯಾರಿಗೆ ಬೇಕು, ಬಾಸ್ಟನ್ 3-2ರಿಂದ ಗೆದ್ದಿತು. ಆಮೇಲೆ ಅವನು ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ಗೆ ಮೇಯರ್ ಕೂಡ ಆದ. 1974ರಲ್ಲಿ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಹೆಡ್ಡಿಂಗ್‌ನಲ್ಲಿ ಬಂದದ್ದು ಆ 1912ರ ಚೆಂಡೇ. ಪಾಪ.

ಆಫೀಸಿನಲ್ಲಿ ಅಷ್ಟು ದಿನ ಯಾರೂ ನೆನಪಿಟ್ಟುಕೊಳ್ಳಲ್ಲ. ನಾನು ಬಂದ ಹೊಸತರಲ್ಲಿ ಒಂದು ಫೈಲ್ ಕಳಿಸುವುದು ಮರೆತು, ಜ್ವರ ಬಂದಿತ್ತು, ವಿಪಿಎನ್ ಕೈಕೊಟ್ಟಿತು ಅಂತ ಒಂದೂವರೆ ಪುಟ ಮೇಲ್ ಬರೆದಿದ್ದೆ. ಪಕ್ಕದ ಸೀಟಿನವಳು ಓದಿ ನಕ್ಕು, ಎಲ್ಲ ಅಳಿಸಿ ಎರಡೇ ಸಾಲು ಉಳಿಸಿದಳು: ‘ಐ ಡ್ರಾಪ್ಡ್ ದ ಬಾಲ್. ನಾಲ್ಕು ಗಂಟೆಯೊಳಗೆ ಕಳಿಸುತ್ತೇನೆ.’ ‘ಥ್ಯಾಂಕ್ಸ್’ ಅಂತ ಉತ್ತರ ಬಂತು, ಮುಗೀತು.

ಅವರು ‘ಯು’ ಅಂತ ಶುರು ಮಾಡಿದರೆ ಮಾತ್ರ ಸ್ವಲ್ಪ ಹುಷಾರು. ಮತ್ತೆ ‘ಬಾಲ್ ಈಸ್ ಇನ್ ಯುವರ್ ಕೋರ್ಟ್’ ಬೇರೆ, ಅದು ಟೆನಿಸ್‌ದು, ಈಗ ನಿಮ್ಮ ಸರದಿ ಅಂತ. ಅದನ್ನು ಬೈಗುಳ ಅಂದುಕೊಂಡು ನಾನು ಸುಮ್ನೆ ಎರಡು ದಿನ ಸಾರಿ ಕೇಳುತ್ತಾ ಓಡಾಡಿದ್ದೆ.